ಕಲ್ಲು ತೂಗುತ್ತಿದ್ದ ಟೀಚರಮ್ಮ

ನನ್ನ ಗಂಡ ನನಗೆ ಒಂದು ಮೊಳ ಹೂವು ತಂದುಕೊಟ್ಟವನಲ್ಲ. ಆ ಟೀಚರಮ್ಮನಿಗೆ ಮಾತ್ರ ಹೋದ ಹೋದ ಕಡೆಯಿಂದ ಕಲ್ಲು ಹೊತ್ತು ತಂದ. ಹೆಗಲ ಮೇಲಿನ ಟವೆಲಿನಲ್ಲಿ ಕಟ್ಟಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಮಗುವನ್ನು ತಂದ ಹಾಗೆ ತಂದ.

ಹೋದ ತಿಂಗಳು ಅವರು ಮಂಗಳೂರಿನಲ್ಲಿ ತೀರಿಕೊಂಡರಂತೆ. ಇಲ್ಲಿ ಅವರ ಹತ್ತಿರ ಓದಿದವರೆಲ್ಲ ಸೇರಿ ಒಂದು ಪುಸ್ತಕ ಮಾಡುತ್ತಾರಂತೆ. "ನಿಮ್ಮನೇಲೇ ಇದ್ರಲ್ಲ ಅಜ್ಜಿ, ನೀವೂ ನಾಲ್ಕು ಮಾತು ಬರ್ಕೊಡಿ" ಎಂದು ಹೇಳಿ ಹೋದರು. ನಾನು ಓದಿದ್ದು ಮೂರನೇ ಕ್ಲಾಸು. ಉಳಿದವರೆಲ್ಲ ಅವರ ಒಳ್ಳೆಯತನವನ್ನು ಬರೆಯುತ್ತಾರೆ. ಅದು ಸುಳ್ಳಲ್ಲ, ಅವರು ಒಳ್ಳೆಯವರೇ. ಆದರೆ ಅವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸತ್ತರು ಎಂದು ಕೇಳಿದ ಮೇಲೂ ಆ ಉರಿ ಆರಿಲ್ಲ. ಆದ್ದರಿಂದ ನನಗೆ ಗೊತ್ತಿರುವುದನ್ನೇ ಬರೆಯುತ್ತೇನೆ.

ತಪ್ಪು ತಿಳಿಯಬೇಡಿ. ಗಂಡ ಹೆಂಡಿರ ನಡುವೆ ಬಂದ ಹೆಂಗಸು ಎಂದರೆ ಊರಿಗೆ ಒಂದೇ ಅರ್ಥ ಗೊತ್ತು. ಅಂಥ ಅನುಮಾನ ನನಗೆ ಒಂದು ದಿನವೂ ಬರಲಿಲ್ಲ. ಬಂದಿದ್ದರೆ ಸುಲಭವಿತ್ತು. ಅವರ ಟ್ರಂಕನ್ನು ಬೀದಿಗೆ ಎಸೆದು, ಇವನಿಗೆ ಪೊರಕೆಯಲ್ಲಿ ಎರಡು ಕೊಟ್ಟು ಮುಗಿಸುತ್ತಿದ್ದೆ. ಅವರು ನೋಡಲು ಚೆಲುವೆಯೂ ಅಲ್ಲ. ಗಂಡಸರ ಹಾಗೆ ಎತ್ತರ, ದೊಡ್ಡ ಪಾದ, ಕಿವಿಯ ಹತ್ತಿರ ಒಂದು ಹಿಡಿ ಬಿಳಿ ಕೂದಲು. ಮದುವೆಯಾಗಿರಲಿಲ್ಲ. ಭಾನುವಾರ ಮೊದಲ ಬಸ್ಸು ಹಿಡಿದು ಸಕಲೇಶಪುರದ ಇಗರ್ಜಿಗೆ ಹೋಗಿ, ಬರುವಾಗ ಒಣಮೀನಿನ ಪೊಟ್ಟಣ ತರುತ್ತಿದ್ದರು. ಆ ಮೀನಿನಲ್ಲಿ ನಮಗೂ ಪಾಲು ಕೊಡುತ್ತಿದ್ದರು. ದೂರಲು ಏನೂ ಸಿಗದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಎಂದು ಪಟ್ಟವರಿಗೇ ಗೊತ್ತು.

ಘಟ್ಟದಲ್ಲಿ ರೈಲುಹಾದಿಗೆ ಸುರಂಗ ಕೊರೆಯುತ್ತಿದ್ದ ಕಾಲ ಅದು. ಕೆ. ಹೊಸಕೋಟೆಯಲ್ಲಿ ನಮ್ಮದು ಜಗಲಿ, ಪಕ್ಕಕ್ಕೊಂದು ಕೋಣೆ, ಹಿಂದೆ ಅಡಿಗೆಮನೆ. ಮಕ್ಕಳಿರಲಿಲ್ಲ. ಅವರು ಹೈಸ್ಕೂಲಿಗೆ ವಿಜ್ಞಾನ, ಭೂಗೋಳ ಎರಡನ್ನೂ ಹೇಳಿಕೊಡಲು ಬಂದಾಗ ಒಂಟಿ ಹೆಂಗಸಿಗೆ ಮನೆ ಕೊಡುವವರು ಸಿಗಲಿಲ್ಲ. ನಾನೇ ಕರೆದು ಜಗಲಿ ಪಕ್ಕದ ಕೋಣೆ ಕೊಟ್ಟೆ. ಧರ್ಮಕ್ಕಲ್ಲ. ಮನೆಯಲ್ಲಿ ನನಗೊಂದು ಮಾತಿನ ಜೊತೆ ಬೇಕಿತ್ತು.

ಏಕೆಂದರೆ ನನ್ನ ಗಂಡ ಮಾತಾಡುತ್ತಿರಲಿಲ್ಲ. ಮೂಗನಲ್ಲ, ಕೋಪಿಷ್ಠನೂ ಅಲ್ಲ. ಮಾತು ಅವನಿಗೆ ಬೇಕಾಗಿರಲಿಲ್ಲ, ಅಷ್ಟೆ. ಬಾವಿ ತೋಡುವುದು ಅವನ ಕಸುಬು. ಆಲೂರಿನ ಕಡೆ, ಸಕಲೇಶಪುರದ ಕಡೆ, ಹೆಗ್ಗದ್ದೆಯ ಕಾಡಂಚಿನ ಎಸ್ಟೇಟುಗಳವರೆಗೂ ಅವನನ್ನು ಕರೆಯುತ್ತಿದ್ದರು. ಅವನು ಕೆಳಗೆ ಅಗೆಯುತ್ತಿದ್ದ. ನಾನು ಮತ್ತು ಅವನ ತಮ್ಮ ಮೇಲೆ ನಿಂತು ರಾಟೆಯ ಹಗ್ಗದಲ್ಲಿ ಮಣ್ಣಿನ ಬುಟ್ಟಿ ಎಳೆಯುತ್ತಿದ್ದೆವು. ಬೆಳಗಿನಿಂದ ಸಂಜೆಯವರೆಗೆ ಕೆಳಗಿನಿಂದ ಬರುತ್ತಿದ್ದ ಮಾತು ಎರಡೇ: "ಎಳಿ", "ಬಿಡು". ನಾನು ಬಗ್ಗಿ "ಏನ್ ಬಂತು? ಮಣ್ಣೋ ಕಲ್ಲೋ?" ಎಂದು ಕೂಗಿದರೆ ಅದಕ್ಕೂ "ಎಳಿ" ಎಂದೇ ಉತ್ತರ. ಬುಟ್ಟಿಯ ಭಾರ ನೋಡಿ ನನ್ನ ತೋಳೇ ತಿಳಿದುಕೊಳ್ಳಬೇಕಿತ್ತು, ಕೆಮ್ಮಣ್ಣು ಮುಗಿಯಿತು, ಜಂಬಿಟ್ಟಿಗೆ ಕಲ್ಲು ಬಂತು, ಅದರ ಕೆಳಗಿನ ಬಿಳಿ ಸೇಡಿಮಣ್ಣು ಬಂತು ಎಂದು. ನಮ್ಮ ಸಂಸಾರವೆಲ್ಲ ಆ ಹಗ್ಗದ ಎರಡು ತುದಿಯಲ್ಲೇ ನಡೆಯಿತು.

ಟೀಚರಮ್ಮನಿಗೆ ಒಂದು ಅಭ್ಯಾಸ. ಯಾವ ವಸ್ತು ಕೈಗೆ ಬಂದರೂ ಮೊದಲು ಅಂಗೈಯಲ್ಲಿಟ್ಟು ಎರಡು ಸಲ ಕುಣಿಸಿ ನೋಡುವುದು. ನನ್ನ ಹಿತ್ತಾಳೆ ಚೊಂಬು, ಪರಂಗಿ ಹಣ್ಣು, ಪಕ್ಕದ ಮನೆಯ ಕೂಸು, ಏನಾದರೂ ಸರಿ. ಮೊದಲ ದಿನ ಊಟಕ್ಕೆ ಕರೆದು ರಾಗಿಮುದ್ದೆ ಇಟ್ಟೆ. ಕರಾವಳಿಯವರು, ಮುದ್ದೆ ಕಂಡಿರಲಿಲ್ಲ. ಅದನ್ನೂ ಎತ್ತಿ ಅಂಗೈಯಲ್ಲಿ ಕುಣಿಸಿದರು.

"ಗಾತ್ರಕ್ಕೆ ಭಾರ ಉಂಟು ಅಕ್ಕ ಇದು" ಅಂದರು.

"ಹೊಗಳ್ತಿದೀರೋ ಆಡ್ಕೋತಿದೀರೋ ಟೀಚರಮ್ಮ?"

"ಅಯ್ಯೋ, ಇಲ್ಲ ಮಾರಾಯ್ರೆ. ಭಾರ ಇದ್ರೆ ಒಳಗೆ ಏನೋ ಉಂಟು ಅಂತ ಲೆಕ್ಕ."

ಅವರು ನನಗಿಂತ ದೊಡ್ಡವರು. ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. ಅದೂ ನನಗೆ ಸೇರುತ್ತಿರಲಿಲ್ಲ.

ಮಣ್ಣನ್ನು ನೆಕ್ಕಿ ನೋಡುತ್ತಿದ್ದರು. ಹೌದು, ನೆಕ್ಕಿ. ನನ್ನ ಗಂಡ ಬಾವಿಯಿಂದ ಬಂದವನು ಜಗಲಿಯ ಮೇಲೆ ಕೂತು ಕಾಲಿನ ಸೇಡಿ ಕೆರೆದು ತೆಗೆಯುತ್ತಿದ್ದ. ಇವರು ಅದರಿಂದ ಒಂದು ಹೆಂಟೆ ಎತ್ತಿ ನಾಲಿಗೆಯ ತುದಿಗೆ ಹಚ್ಚಿದರು. "ಅಂಟ್ತದೆ ನೋಡಿ. ಒಳ್ಳೆ ಸೇಡಿ" ಎಂದರು. ನನ್ನ ಗಂಡ ಅವರ ಮುಖವನ್ನೇ ನೋಡಿದ. ಅವನ ಕಾಲಿನ ಮಣ್ಣನ್ನು ಇಷ್ಟು ವರ್ಷ ಗುಡಿಸಿ ಹೊರಗೆ ಹಾಕಿದವಳು ನಾನು. ಅದು ಯಾವುದರಿಂದ ಆದದ್ದು ಎಂದು ಅವನನ್ನು ಕೇಳಿದವರು ಅವರು. ಅಲ್ಲಿಂದ ಶುರುವಾಯಿತು.

"ಎಷ್ಟು ಆಳದಲ್ಲಿ ಸಿಕ್ಕಿದ್ದು ಯಜಮಾನ್ರೆ?"

"ನಾಕಾಳುದ್ದ ಹೋದ್ಮೇಲೆ ಕಣಮ್ಮ."

"ಅದರ ಮೇಲೆ ಎಂತ ಇತ್ತು? ಕೆಳಗೆ?"

ಅವನು ಹೇಳಿದ. ಕೇಳಿದ್ದಕ್ಕೆಲ್ಲ ಹೇಳಿದ. ನಾನು ಒಳಗೆ ಒಲೆಯ ಮುಂದೆ ಕೂತು ಕೇಳಿಸಿಕೊಂಡೆ. ಮುಂದಿನ ವಾರ ಹೆಗ್ಗದ್ದೆಯಿಂದ ಬರುವಾಗ ಟವೆಲಿನಲ್ಲಿ ಮೊದಲ ಕಲ್ಲು ಬಂತು. ಆಮೇಲೆ ಸುರಂಗದ ಕೆಲಸಕ್ಕೆ ಹೋಗಿದ್ದ ಯಾರನ್ನೋ ಕಾಡಿ ಗುಡ್ಡದ ಹೊಟ್ಟೆಯ ಕಲ್ಲೂ ತರಿಸಿದ. ನನ್ನ ಜಗಲಿಯ ಗೋಡೆಯುದ್ದಕ್ಕೂ ಕಲ್ಲುಗಳು ಸಾಲಾಗಿ ಕೂತವು. ಬಂದವರು ಎಡವುತ್ತಿದ್ದರು.

ಒಂದು ಸಂಜೆ ಶಾಲೆಯಿಂದ ಸ್ಪ್ರಿಂಗ್ ತಕ್ಕಡಿ ತಂದರು. ಕಲ್ಲಿಗೆ ದಾರ ಕಟ್ಟಿ ಮೊದಲು ಗಾಳಿಯಲ್ಲಿ ತೂಗಿದರು. ಆಮೇಲೆ ನನ್ನ ಬಕೆಟಿನ ನೀರಿನಲ್ಲಿ ಮುಳುಗಿಸಿ ತೂಗಿದರು. ದೂರದ ಕೆರೆಯಿಂದ ನಾನು ಹೊತ್ತು ತಂದ ನೀರು ಅದು. ನೀರಿನಲ್ಲಿ ಕಲ್ಲು ಹಗುರವಾಯಿತು. ಎಷ್ಟು ಹಗುರವಾಯಿತೋ ಅಷ್ಟು, ಆ ಕಲ್ಲಿನ ಗಾತ್ರದ್ದೇ ನೀರಿನ ಭಾರವಂತೆ. ಅದನ್ನಿಟ್ಟುಕೊಂಡು ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರ ಎಂದು ಹೇಳುತ್ತಿದ್ದರು. ಇವನು ದಾರ ಹಿಡಿದು ಪೂಜೆಗೆ ಕೂತವನ ಹಾಗೆ ಕೂತಿದ್ದ. ಸಾಲಿನಲ್ಲಿದ್ದ ಕಲ್ಲುಗಳೆಲ್ಲ ಹೆಚ್ಚು ಕಡಿಮೆ ಒಂದೇ ಲೆಕ್ಕಕ್ಕೆ ಬಂದವು, ನೀರಿನ ಮೂರು ಪಟ್ಟಿನ ಸುತ್ತಮುತ್ತ, ಬಹಳಷ್ಟು ಅದಕ್ಕಿಂತ ಕಡಿಮೆ.

"ಇಡೀ ಭೂಮಿ ಎಷ್ಟು ಗೊತ್ತುಂಟಾ? ನೀರಿನ ಐದೂವರೆ ಪಟ್ಟು" ಎಂದರು ಟೀಚರಮ್ಮ.

"ಭೂಮೀನ ಯಾವ ತಕ್ಕಡೀಲಿ ಇಟ್ಟಿದ್ರಿ?" ಎಂದೆ ನಾನು, ಬಾಗಿಲಲ್ಲಿ ನಿಂತು. ಚುಚ್ಚಲೆಂದೇ ಕೇಳಿದ್ದು.

ಅವರಿಗೆ ಚುಚ್ಚಿದ್ದೇ ಗೊತ್ತಾಗಲಿಲ್ಲ. "ಒಳ್ಳೇದು ಕೇಳಿದ್ರಿ ಅಕ್ಕ! ತಕ್ಕಡಿ ಇಲ್ಲ. ಭೂಮಿ ಎಲ್ಲವನ್ನೂ ತನ್ನ ಕಡೆ ಎಳೀತದಲ್ಲ, ಆ ಎಳೆತದ ಜೋರು ನೋಡಿ ಲೆಕ್ಕ ಹಾಕಿದ್ದು. ಈಗ ಹೇಳಿ. ನಮ್ಮ ಕೈಗೆ ಸಿಗುವ ಕಲ್ಲು ಮೂರು ಪಟ್ಟೂ ಇಲ್ಲ, ಒಟ್ಟು ಭೂಮಿ ಮಾತ್ರ ಐದೂವರೆ. ಹಾಗಾದ್ರೆ ಎಂತ ಅರ್ಥ?"

ನನ್ನ ಗಂಡ ದಾರ ನೋಡುತ್ತ ಹೇಳಿದ:

"ಮೂಟೆ ಬಾಯಿಗೆ ಕೈ ಹಾಕಿದ್ರೆ ಹಗುರ ಕಾಳು, ಹೆಗಲ್ಮೇಲೆ ಎತ್ಕಂಡ್ರೆ ಭಾರ ಅಂದ್ರೆ, ಅಡೀಲಿ ಬೇರೆ ಏನೋ ತುಂಬವ್ರೆ ಅಂತ ಕಣಮ್ಮ."

ಟೀಚರಮ್ಮ ಚಪ್ಪಾಳೆ ತಟ್ಟಿ ನಕ್ಕರು. "ಅದೇ! ಅದೇ ಯಜಮಾನ್ರೆ!" ಮದುವೆಯಾದ ಮೇಲೆ ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು. ಅದನ್ನು ಅವನು ನನಗೆ ಹೇಳಿದ್ದಲ್ಲ.

ಅಡಿಯಲ್ಲಿ ತುಂಬಿರುವುದು ಏನೆಂದು ಅವರು ನನ್ನ ಅಂಗಳದಲ್ಲಿ ಬರೆದು ತೋರಿಸಿದರು. ಬೆಳಿಗ್ಗೆ ತಾನೇ ಸಗಣಿ ಸಾರಿಸಿದ ಅಂಗಳ. ಕೋಲಿನ ತುದಿಯಲ್ಲಿ ಗೀರಿ ಒಂದರೊಳಗೊಂದು ಸುತ್ತು ಎಳೆದರು. ಹೊರಗಿನ ಗೀರು ನಾವು ನಿಂತ ಸಿಪ್ಪೆ, ಹಗುರ ಕಲ್ಲು. ಸಮುದ್ರದ ಅಡಿಯ ಸಿಪ್ಪೆ ಸ್ವಲ್ಪ ಕಪ್ಪು, ಸ್ವಲ್ಪ ಭಾರ, ಇನ್ನೂ ತೆಳ್ಳಗೆ. ಅದರ ಕೆಳಗೆ ಬಹಳ ದಪ್ಪದ ಒಂದು ಪದರ, ಕಲ್ಲೇ, ಆದರೆ ನಮ್ಮ ಕಲ್ಲಿಗಿಂತ ಭಾರದ್ದು, ಇಳಿದಷ್ಟೂ ಒತ್ತಿಕೊಂಡು ಮತ್ತಷ್ಟು ಭಾರ. ನಡುವೆ ಕಬ್ಬಿಣ, ನಿಕ್ಕಲ್. ಅಲ್ಲಿಯವರೆಗೆ ಮೆಟ್ಟಿಲಿಳಿದ ಹಾಗೆ ಹೆಚ್ಚುತ್ತ ಬಂದ ಭಾರ ಕಬ್ಬಿಣದ ಗಡಿಯಲ್ಲಿ ಒಮ್ಮೆಲೇ ಜಿಗಿದ ಹಾಗೆ ಏರುತ್ತದಂತೆ, ಸುಮಾರು ಎರಡರಷ್ಟು. ಆ ಕಬ್ಬಿಣ ಕರಗಿ ನೀರಾಗಿದೆಯಂತೆ. ಆದರೆ ತೀರಾ ನಟ್ಟನಡುವಿನದು ಅಷ್ಟು ಕಾದಿದ್ದರೂ ಗಟ್ಟಿ.

"ಕಾದ್ರೆ ಕರಗ್ಬೇಕಲ್ಲ?" ಎಂದು ನನ್ನ ಗಂಡ ಕೇಳಿದ.

"ಮೇಲಿನದೆಲ್ಲ ಅದರ ಮೇಲೆ ಕೂತಿದೆಯಲ್ಲ ಯಜಮಾನ್ರೆ. ಕರಗಲಿಕ್ಕೆ ಬಿಡುವುದಿಲ್ಲ."

ಆ ಮಾತು ನನಗೆ ಚೆನ್ನಾಗಿ ಅರ್ಥವಾಯಿತು.

ಕತ್ತಲಾಗುವ ಮೊದಲು ಎಮ್ಮೆ ಕಟ್ಟಲು ಅಂಗಳ ದಾಟಬೇಕಿತ್ತು. ನನ್ನ ಗಂಡ ಆ ಸುತ್ತುಗಳನ್ನು ತುಳಿಯದೆ ಬೇಲಿಯ ಪಕ್ಕದಿಂದ ಎಮ್ಮೆ ಹೊಡೆದುಕೊಂಡು ಬಂದ. ಬಂದವನು "ಅದ್ನ ಗುಡಿಸ್ಬೇಡ" ಅಂದ. ನಾನು ಬೆಳಿಗ್ಗೆ ಎದ್ದು ಭೂಮಿಯ ಸಿಪ್ಪೆ, ಕಬ್ಬಿಣ, ನಿಕ್ಕಲ್ ಎಲ್ಲವನ್ನೂ ಗುಡಿಸಿ ಸಾರಿಸಿದೆ. ನನ್ನ ಅಂಗಳ ಅದು. ಟೀಚರಮ್ಮ ಎದ್ದು ಬಂದು ನೋಡಿ, "ಓ, ಬರೆಯಲಿಕ್ಕೆ ಹೊಸ ಹಲಗೆ!" ಎಂದು ಖುಷಿಪಟ್ಟರು. ಇಂಥ ಹೆಂಗಸಿನ ಹತ್ತಿರ ಜಗಳವಾದರೂ ಹೇಗೆ ಆಡುವುದು?

ಭಾರದ್ದು ಒಳಗೆ ಹೋದದ್ದು ಹೇಗೆ ಎಂದು ಅವನು ಮತ್ತೊಂದು ದಿನ ಕೇಳಿದ. ಆಗ ನಾನು ಬೆಲ್ಲದ ಕಾಫಿ ಕೊಡುತ್ತಿದ್ದೆ. ಅವರು ಕುಡಿದು ಮುಗಿಸಿ ಲೋಟವನ್ನು ಬಗ್ಗಿಸಿ ತೋರಿಸಿದರು. "ಇಲ್ಲಿ ನೋಡಿ. ಅಕ್ಕ ಬೆಲ್ಲ ಕರಗಿಸಿ ಕುದಿಸಿದ್ರು. ನೊರೆ ಮೇಲೆ ಬಂತು, ಬೆಲ್ಲದಲ್ಲಿದ್ದ ಮಣ್ಣು ಅಡಿಗೆ ಕೂತಿತು. ಭೂಮಿಯೂ ಒಂದು ಕಾಲದಲ್ಲಿ ಹೀಗೇ ಕರಗಿ ಕುದೀತಾ ಇತ್ತು. ಕಬ್ಬಿಣ ಇಳಿಯಿತು. ಹಗುರದ್ದು ಮೇಲೆ ಉಳಿದು ತಣ್ಣಗಾಗಿ ಸಿಪ್ಪೆ ಆಯ್ತು." ಅಡಿಯ ಗಸಿ ಕುಡಿಯಬೇಡ ಎಂದು ನಾನು ಅವನಿಗೆ ಮದುವೆಯಾದ ಲಾಗಾಯ್ತಿನಿಂದ ಹೇಳುತ್ತಿದ್ದೆ. ಒಂದು ದಿನವೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವತ್ತು ಲೋಟದ ತಳವನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದ. ನನ್ನದೇ ಕಾಫಿ, ನನ್ನದೇ ಗಸಿ.

"ಮನುಷ್ಯರು ಇಲ್ಲಿತನಕ ತೋಡಿದ್ದೆಲ್ಲ ಹಾಲಿನ ಕೆನೆಯಷ್ಟೂ ಆಗ್ಲಿಲ್ಲ ಯಜಮಾನ್ರೆ. ಕೆನೆಯನ್ನೇ ಇನ್ನೂ ದಾಟಲಿಲ್ಲ" ಎಂದೂ ಒಮ್ಮೆ ಹೇಳಿದರು. ಇಡೀ ಆಯುಸ್ಸು ಬಾವಿ ತೋಡಿದವನಿಗೆ ಹೇಳುವ ಮಾತೇ ಅದು? ನಾನು ಹಾಗೆ ಅಂದಿದ್ದರೆ ಉಣ್ಣದೆ ಎದ್ದು ಹೋಗುತ್ತಿದ್ದ. ಅವರು ಅಂದದ್ದಕ್ಕೆ ಹಲ್ಲು ಬಿಟ್ಟು ನಕ್ಕ. ಅವನ ಬಾಯಲ್ಲಿ ಬಲಗಡೆ ಒಂದು ಹಲ್ಲು ಇಲ್ಲ ಎಂಬುದನ್ನು ನಾನು ಮೊದಲ ಸಲ ಅವತ್ತೇ ಸರಿಯಾಗಿ ನೋಡಿದ್ದು.

ಈಗ ಬಾವಿಯ ವಿಷಯ. ಊರಿಗೆಲ್ಲ ಬಾವಿ ತೋಡಿದವನ ಮನೆಯಲ್ಲಿ ಬಾವಿ ಇರಲಿಲ್ಲ. ನಾನು ಕೆರೆಯಿಂದ ಹೊರುತ್ತಿದ್ದೆ. ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದೆ. ಟೀಚರಮ್ಮ ಒಂದು ದಿನ ಹಿತ್ತಲಲ್ಲಿ ನಿಂತು ನೆಲವನ್ನು ಕಾಲಿನಲ್ಲಿ ಕುಟ್ಟಿ, "ನಿಮ್ಮ ಮನೆಯ ಅಡಿಯಲ್ಲಿ ಎಂತ ಉಂಟು ಯಜಮಾನ್ರೆ?" ಅಂದರು. ಮಾರನೇ ದಿನ ಅವನು ಹಲಸಿನ ಮರದ ಹತ್ತಿರ ತೆಂಗಿನಕಾಯಿ ಒಡೆದು ಗುದ್ದಲಿ ಹಾಕಿದ.

"ಮಾರಾಯ, ನಾನು ಕೇಳಿ ಕೇಳಿ ಬಾಯಿ ಒಣಗಿತ್ತು. ಅವ್ರು ಒಂದ್ಸಲ ಕೇಳಿದ್ದಕ್ಕೆ ತೋಡ್ತಿದೀಯಲ್ಲ!" ಎಂದೆ.

"ನಿಂಗೇ ತಾನೆ ನೀರು" ಅಂದ.

ಸರಿ, ನನಗೇ. ಬಾಯಿ ಮುಚ್ಚಿಕೊಂಡು ಹಗ್ಗ ಹಿಡಿದೆ. ಶಾಲೆಗೆ ರಜೆ ಇತ್ತು. ಟೀಚರಮ್ಮ ಊರಿಗೂ ಹೋಗದೆ ಬಾವಿಯ ಬಾಯಲ್ಲಿ ಕೂತು, ಮೇಲೆ ಬಂದ ಬುಟ್ಟಿಯಿಂದೆಲ್ಲ ಒಂದೊಂದು ಹಿಡಿ ಎತ್ತಿ ಕುಣಿಸಿ ನೋಡಿದರು. ಜಂಬಿಟ್ಟಿಗೆ ಮುಗಿದು ಸೇಡಿ ಬಂದಾಗ ನನಗೊಂದು ಮಾತು ಸಿಕ್ಕಿತು. ಇವರನ್ನು ಹಿಡಿದು ಹಾಕಲು ಇದೇ ಸಮಯ ಎಂದು ಎಲ್ಲರ ಮುಂದೆ ಕೇಳಿದೆ.

"ಆಳಕ್ಕೆ ಹೋದಷ್ಟೂ ಭಾರ ಅಂತೀರಿ ಟೀಚರಮ್ಮ. ಹಗ್ಗ ಎಳೆಯೋಳು ನಾನು. ಮೇಲಿನ ಜಂಬಿಟ್ಟಿಗೆ ಭಾರ, ಅದ್ರ ಕೆಳಗಿನ ಸೇಡಿ ಹಗುರ ಐತಲ್ಲ! ನಿಮ್ಮ ಪುಸ್ತಕ ತಲೆಕೆಳಗಾಯ್ತಲ್ಲ?"

ನನ್ನ ಮೈದುನ ಕಿಸಕ್ಕನೆ ನಕ್ಕ. ಟೀಚರಮ್ಮನ ಮುಖ ಹೂವಿನ ಹಾಗೆ ಅರಳಿತು. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಇದನ್ನು ಯಾರೂ ಕೇಳುದಿಲ್ಲ ಅಕ್ಕ! ಇದು ಬೆಂಕಿ ಮಾಡಿದ್ದಲ್ಲ, ಮಳೆ ಮಾಡಿದ್ದು. ಮಳೆನೀರು ಕಲ್ಲನ್ನು ತಿಂದು ತಿಂದು, ಕರಗುವುದನ್ನೆಲ್ಲ ತೊಳೆದುಕೊಂಡು ಹೋಯ್ತು. ಕಬ್ಬಿಣದ ಅಂಶ ಮೇಲೆ ಗಟ್ಟಿಯಾಗಿ ನಿಂತಿತು, ಅದು ಜಂಬಿಟ್ಟಿಗೆ. ಕೆಳಗೆ ಟೊಳ್ಳಾದ ಸೇಡಿ ಉಳಿಯಿತು. ಇದೆಲ್ಲ ಸಿಪ್ಪೆಯ ಮೇಲಿನ ಧೂಳು. ಇನ್ನೂ ಕೆಳಗೆ ಹೋಗಿ, ಕರಿಕಲ್ಲು ಸಿಗ್ತದೆ, ಅದು ಭಾರವೇ."

ಬಾವಿಯೊಳಗಿನಿಂದ ನನ್ನ ಗಂಡನ ಧ್ವನಿ ಬಂತು: "ಏನಂದ್ರು ಟೀಚರಮ್ಮ? ಇನ್ನೊಂದ್ಸಲ ಹೇಳಿ, ಕೇಳಿಸ್ಲಿಲ್ಲ!"

ಪ್ರಶ್ನೆ ನನ್ನದು. ಅವನಿಗೆ ಕೇಳಿಸಬೇಕಾಗಿದ್ದು ಉತ್ತರ ಮಾತ್ರ.

ಆಮೇಲೆ ಅವರು ತಾವೇ ಇಳಿದು ನೋಡಬೇಕು ಅಂದರು. ನಮ್ಮಲ್ಲಿ ಒಂದು ಕಟ್ಟುಪಾಡು ಇದೆ. ನೀರು ಕಾಣುವವರೆಗೆ ತೋಡುವ ಬಾವಿಗೆ ಹೆಣ್ಣು ಇಳಿಯಬಾರದು, ಇಳಿದರೆ ಗಂಗೆ ಹಿಂದೆ ಸರಿಯುತ್ತಾಳೆ. ಹೊಸದಾಗಿ ಮದುವೆಯಾದಾಗ ನಾನೊಮ್ಮೆ, ನೀನು ಕೆಲಸ ಮಾಡುವ ಜಾಗ ನೋಡಬೇಕು, ಇಳಿಸು ಎಂದಿದ್ದೆ. "ಹೆಂಗಸ್ರು ಇಳೀಬಾರ್ದು" ಅಂದಿದ್ದ. ಅಷ್ಟೇ. ಮತ್ತೆ ಕೇಳಿರಲಿಲ್ಲ. ಟೀಚರಮ್ಮ ಕೇಳಿದಾಗಲೂ ಅದೇ ಮಾತು ಬರುತ್ತದೆ ಎಂದು ನಾನು ಹಗ್ಗ ಹಿಡಿದು ಕಾದೆ. ಕೆಳಗಿನಿಂದ ಬಂತು: "ಹಲಗೆ ಕಟ್ಟಿ ಬಿಡಿ."

ನನಗೆ ಬೇಡ ಅಂದವನು ಅವರಿಗೆ ಹೂಂ ಅಂದ. ಇಳಿಸಬೇಕಾದವಳು ನಾನು.

ಹಗ್ಗವನ್ನು ಹಲಸಿನ ಬುಡಕ್ಕೆ ಒಂದು ಸುತ್ತು ಹಾಕಿ ನಾನು ಮತ್ತು ಮೈದುನ ಹಿಡಿದೆವು. ಅವರು ಸೆರಗು ಬಿಗಿದು, ಶಿಲುಬೆ ಮುಟ್ಟಿಕೊಂಡು ಹಲಗೆಯ ಮೇಲೆ ಕೂತರು. ಬಿಟ್ಟುಬಿಡಬೇಕು ಅನ್ನಿಸಿತೇ ಎಂದು ಕೇಳಬೇಡಿ. ಹೊಟ್ಟೆಯಲ್ಲಿ ಏನೇ ಇರಲಿ, ಹಗ್ಗ ಹಿಡಿದ ಕೈಗೆ ಹಿಡಿಯುವುದೊಂದೇ ಗೊತ್ತು. ಎಷ್ಟೋ ಹೊತ್ತು ಕೆಳಗೆ ಇಬ್ಬರ ಮಾತು ಗುಂಯ್ ಎಂದು ಕೇಳುತ್ತಿತ್ತು, ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಮಧ್ಯೆ ಅವನು ನಕ್ಕದ್ದು ಮಾತ್ರ ತಿಳಿಯಿತು.

ಅದಾದ ವಾರಕ್ಕೆ ಕರಿಕಲ್ಲು ಬಂತು. ಹಾರೆಗೆ ಕಿಡಿ ಹಾರಿತು, ನೀರು ಬರಲಿಲ್ಲ. ಮದ್ದು ಇಟ್ಟು ಒಡೆದರೂ ಒಣ ಕಲ್ಲೇ. ಬೀದಿಯಲ್ಲಿ ಮಾತು ಶುರುವಾಯಿತು. ಮೈದುನ ಹಗ್ಗ ಕೆಳಗೆ ಹಾಕಿ ಕೂತ.

"ಅತ್ಗೆ, ನಾನಿನ್ನು ಈ ಹಗ್ಗ ಮುಟ್ಟಲ್ಲ. ಹೆಂಗಸು ಇಳಿದ ಬಾವಿ ಇದು. ಗಂಗಮ್ಮ ಮುನಿಸ್ಕಂಡವ್ಳೆ."

ಟೀಚರಮ್ಮ ಅಲ್ಲೇ ಇದ್ದರು. ಅವರ ಮುಖ ಕಪ್ಪಿಟ್ಟಿತು. "ನನ್ನಿಂದ ತಪ್ಪಾಯ್ತಾ ಯಜಮಾನ್ರೆ?" ಅಂದರು. ನನ್ನ ಗಂಡ ತಲೆ ತಗ್ಗಿಸಿ ಹಾರೆಯ ಮೊನೆ ನೋಡುತ್ತ ನಿಂತ. ನನ್ನೊಳಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಜೊತೆಗೇ ಇನ್ನೊಂದು ಸಿಟ್ಟು ಎದ್ದು ಬಂತು.

"ಇಳೀಬಾರ್ದು ಅನ್ನೋದು ನಿಜ ಆದ್ರೆ, ಕೆಡೋದು ಕೆಟ್ಟಾಯ್ತು. ಇನ್ನು ನಾನು ಇಳಿದ್ರೆ ಹೆಚ್ಚಿಗೆ ಏನ್ ಕೆಡ್ತದೆ? ಸುಳ್ಳಾದ್ರೆ, ಅವತ್ತು ನಂಗೆ ಯಾಕೆ ಬೇಡ ಅಂದೆ? ಹಲಗೆ ಕಟ್ಟು" ಅಂದೆ ಗಂಡನಿಗೆ.

"ಅತ್ಗೆ, ನಿಮ್ಗೇನ್ ತಲೆಗಿಲೆ ಕೆಟ್ಟೈತಾ?" ಅಂದ ಮೈದುನ.

ನಾನು ಗಂಡನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಅವತ್ತು ಅವನು ಬೇಡ ಎಂದಿದ್ದರೆ ಆ ಮನೆಯಲ್ಲಿ ನಾನು ಅನ್ನ ಬೇಯಿಸುವವಳಾಗಿ ಇರುತ್ತಿದ್ದೆನೇ ಹೊರತು ಹೆಂಡತಿಯಾಗಿ ಇರುತ್ತಿರಲಿಲ್ಲ. ಅದು ಅವನಿಗೆ ತಿಳಿಯಿತೋ ಇಲ್ಲವೋ. ಹಲಗೆ ಎತ್ತಿಕೊಂಡು ಗಂಟು ಹಾಕಿದ. ಗಂಟನ್ನು ಎರಡು ಸಲ ಜಗ್ಗಿ ನೋಡಿದ.

"ಇನ್ನೊಂದು ಕಡೆ ಯಾರು ಹಿಡೀತಾರೆ?" ಎಂದು ತಮ್ಮನನ್ನು ನೋಡಿದ. ಅವನು ಬೇಲಿಯ ಕಡೆ ಮುಖ ತಿರುಗಿಸಿದ.

"ನಾನು ಹಿಡೀತೇನೆ" ಎಂದು ಟೀಚರಮ್ಮ ಸೀರೆ ಎತ್ತಿ ಸಿಕ್ಕಿಸಿದರು.

ಹೀಗೆ ನಾನು ನನ್ನ ಗಂಡ ಮತ್ತು ಆ ಹೆಂಗಸು ಹಿಡಿದ ಹಗ್ಗದಲ್ಲಿ ಇಳಿದೆ. ಕೆಮ್ಮಣ್ಣು ದಾಟಿತು, ತೂತು ತೂತಾದ ಜಂಬಿಟ್ಟಿಗೆ ದಾಟಿತು, ಸೇಡಿಯ ಬಿಳುಪು ದಾಟಿತು. ಕಾಲಿಗೆ ಕರಿಕಲ್ಲು ಸಿಕ್ಕಿತು. ತಣ್ಣಗೆ. ಮೇಲೆ ನೋಡಿದರೆ ಆಕಾಶ ಒಂದು ತಟ್ಟೆಯಷ್ಟು. ಸುತ್ತಲೂ ಗೋಡೆಯ ಮೇಲೆ ಅವನ ಹಾರೆಯ ಗುರುತು, ಸಾಲು ಸಾಲು, ಒಂದರ ಪಕ್ಕ ಒಂದು, ಪೈರು ನೆಟ್ಟ ಹಾಗೆ ಒಪ್ಪವಾಗಿ. ಯಾರೂ ನೋಡದ ಜಾಗದಲ್ಲಿ ಅಷ್ಟು ಒಪ್ಪವಾಗಿ ಯಾಕೆ ಹೊಡೆದ? ನಾನು ಅಂಗೈ ಇಟ್ಟು ನೋಡಿದೆ. ಇಷ್ಟು ಬುಟ್ಟಿ ಎಳೆದೆನಲ್ಲ, ಅದೆಲ್ಲ ಎಲ್ಲಿಂದ ಬಂತೆಂದು ಮೊದಲ ಸಲ ಕಂಡೆ.

ಮೇಲಿನಿಂದ ಅವನು ಕೂಗಿದ: "ಏನ್ ಕಾಣ್ತೈತೆ?"

ನಾನು ಸುಮ್ಮನಿದ್ದೆ.

"ಏ, ಏನ್ ಕಾಣ್ತೈತೆ ಹೇಳು! ಭಯ ಆಯ್ತಾ?"

ಇನ್ನೂ ಸುಮ್ಮನಿದ್ದೆ. ಇನ್ನೊಮ್ಮೆ ಕೇಳಲಿ ಎಂದು. ಟೀಚರಮ್ಮ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಕೇಳಿಸುತ್ತಿತ್ತು.

"ಮಾರಾಯ್ತಿ, ಮಾತಾಡೇ!" ಎಂದು ಅವನು ಕೂಗಿದ. ಆ ಕೂಗಿನಲ್ಲಿ ಹೆದರಿಕೆ ಇತ್ತು.

ಆಗ ಮಾತಾಡಿದೆ. ಕರಿಕಲ್ಲು ಅಂದೆ. ಯಾವ ಕಡೆ ಬಿರುಕು ಎಂದು ಕೇಳಿದ. ಹಲಸಿನ ಕಡೆ ಅಂದೆ. ಕೈಗೆ ತಣ್ಣಗೈತಾ, ಒದ್ದೆ ಐತಾ ಅಂದ. ತಣ್ಣಗೆ ಮಾತ್ರ ಅಂದೆ. ನೀನು ಇಲ್ಲಿ ಉಣ್ಣೋ ಹೊತ್ತಿಗೆ ಎಲ್ಲಿ ಕೂರ್ತಿದ್ದೆ ಎಂದು ಕೇಳಿದೆ. ಕಾಲ ಹತ್ರ ಒಂದು ಗೂಡು ಐತೆ ನೋಡು ಅಂದ. ಇತ್ತು. ಕೂತುಕೊಂಡೆ. ನಾನು ಕೇಳಿದೆ, ಅವನು ಹೇಳಿದ. ಅವನು ಕೇಳಿದ, ನಾನು ಹೇಳಿದೆ. ಗಂಟಲು ನೋಯುವಷ್ಟು ಕೂಗಿಕೊಂಡು ಮಾತಾಡಿದೆವು. ಇಡೀ ಬೀದಿಗೆ ಕೇಳಿಸಿತಂತೆ.

ಮೇಲೆ ಬಂದಾಗ ಟೀಚರಮ್ಮನ ಅಂಗೈ ಎರಡೂ ಕಿತ್ತು ರಕ್ತ ಬಂದಿತ್ತು. ಸೀಮೆಸುಣ್ಣ ಹಿಡಿದ ಕೈ. ನಾನು ತಳ ಮುಟ್ಟಿದ ಮೇಲೆ ಹಗ್ಗವನ್ನು ಮರದ ಸುತ್ತಿಗೆ ಬಿಟ್ಟು ಕೂರಬಹುದಿತ್ತು. ಅವರಿಗೆ ಅದು ತಿಳಿದಿರಲಿಲ್ಲ, ನನ್ನ ಭಾರ ತಮ್ಮ ಕೈಯಲ್ಲೇ ಇದೆ ಎಂದುಕೊಂಡು ಹಿಡಿದೇ ಇದ್ದರು. ನಾನು ಹರಳೆಣ್ಣೆ ಹಚ್ಚಿ ಬಟ್ಟೆ ಕಟ್ಟಿದೆ. "ಉರೀತದಾ?" ಎಂದೆ. "ಸ್ವಲ್ಪ ಉಂಟು ಅಕ್ಕ" ಅಂದರು. ಸ್ವಲ್ಪ ಉರಿಯಲಿ ಎಂದು ಗಟ್ಟಿಯಾಗಿಯೇ ಕಟ್ಟಿದೆ.

ಕೆಲವು ದಿನಕ್ಕೆ ಆ ಬಿರುಕಿನಲ್ಲೇ ನೀರು ಬಂತು. ಬರದಿದ್ದರೆ ಇಬ್ಬರು ಹೆಂಗಸರ ತಲೆಗೆ ಕಟ್ಟುತ್ತಿದ್ದರು. ಬಂದದ್ದನ್ನು ಯಾರೂ ನಮ್ಮ ತಲೆಗೆ ಕಟ್ಟಲಿಲ್ಲ.

ಮುಂದಿನ ವರ್ಷ ಅವರಿಗೆ ವರ್ಗವಾಯಿತು. ಟ್ರಂಕು ಬಸ್ಸಿನ ಮೇಲೇರಿತು. ಕಲ್ಲುಗಳನ್ನು ಬಿಟ್ಟು ಹೋದರು. "ಇಷ್ಟು ಭಾರ ಎಲ್ಲಿಗೆ ಹೊರುವುದು ಯಜಮಾನ್ರೆ?" ಎಂದರು. ನಾನು ಅದರಲ್ಲಿ ಕೆಲವನ್ನು ಬಾವಿಯ ಕಟ್ಟೆಗೆ ಹಾಕಿಸಿದೆ, ಉಳಿದವು ಬೇಲಿಗೆ ಹೋದವು.

ಅವತ್ತು ಸಂಜೆ ನನ್ನ ಗಂಡ ಎಲ್ಲಿಯದೋ ಕೆಲಸ ಮುಗಿಸಿ ಬಂದ. ಜಗಲಿಯ ಮೇಲೆ ಕೂತ. ಮುಚ್ಚಿದ ಕೋಣೆಯ ಬಾಗಿಲು ನೋಡಿದ. ಇನ್ನು ಮೊದಲಿನ ಹಾಗೇ ಎಂದುಕೊಂಡು ನಾನು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದೆ. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಬಂದು, ಅಡಿಗೆಮನೆಯ ಹೊಸಿಲ ಮೇಲೆ ಕೂತ. ಹಿಂದೆ ಎಂದೂ ಅಲ್ಲಿ ಕೂತವನಲ್ಲ. "ಇವತ್ತು ಆ ಬಾವೀಲಿ ಎಂಥ ಕಲ್ಲು ಬಂತು ಗೊತ್ತಾ" ಎಂದು ಶುರುಮಾಡಿದ.

ಸಾಯುವವರೆಗೂ ಮಾತಾಡಿದ. ದಿನಾ. ಕಲ್ಲಿನ ಮಾತು, ನೀರಿನ ಮಾತು, ಆಮೇಲೆ ಆಮೇಲೆ ಬೇರೆ ಮಾತೂ. ಮಾತಾಡುವ ಗಂಡಸನ್ನಾಗಿ ಅವನನ್ನು ಮಾಡಿದವಳು ನಾನಲ್ಲ, ಇನ್ನೊಬ್ಬಳು. ಅವಳು ಬಸ್ಸು ಹತ್ತಿ ಹೋದ ಮೇಲೆ ಉಳಿದದ್ದು ನನ್ನ ಪಾಲಿಗೆ ಬಂತು. ಎಂಜಲು ಎಂದು ಗೊತ್ತಿದ್ದೇ ಉಂಡೆ. ರುಚಿಯಾಗಿತ್ತು. ಆ ರುಚಿಯನ್ನು ಮಾತ್ರ ಆ ಹೆಂಗಸಿಗೆ ನಾನು ಇವತ್ತಿಗೂ ಕ್ಷಮಿಸಿಲ್ಲ.